ಹಾಡಿಯ ಕಾಡಿಗೆ ಗಡಿ ಗುರುತಿಸುವುದು ಹೇಗೆ?

ತಲೆಮಾರುಗಳಿಂದ ಬಳಸಿದ ಕಾಡನ್ನು ನಾವೇ ಕಾಯುತ್ತೇವೆ, ನಾವೇ ನೋಡಿಕೊಳ್ಳುತ್ತೇವೆ ಎಂದು ಹಾಡಿಯವರು, ಅಂದರೆ ಕಾಡಿನ ಆದಿವಾಸಿ ಊರಿನವರು, ಕೇಳಲು ಕಾನೂನಿನಲ್ಲೇ ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ನಮೂನೆ 'ಸಿ' ತುಂಬಿ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು ಕೇಳಬೇಕು. ಈ ನಮೂನೆ ಬಂದದ್ದು 2012ರ ತಿದ್ದುಪಡಿಯಲ್ಲಿ. ಅದಕ್ಕೂ ಮೊದಲೇ, 2009ರಲ್ಲಿ, ಮಹಾರಾಷ್ಟ್ರದ ಗಡಚಿರೋಲಿಯ ಮೆಂಢಾ-ಲೇಖಾ ಊರಿಗೆ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು ಸಿಕ್ಕಿತ್ತು. ನಮ್ಮಲ್ಲಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ಹುಲಿ ರಕ್ಷಿತಾರಣ್ಯದ ಒಳಗೇ ಸಮುದಾಯ ಹಕ್ಕು ಪಡೆದರು. ಆದರೂ ಎಷ್ಟೋ ಅರ್ಜಿಗಳು ನಕ್ಷೆಯ ಹತ್ತಿರ ಎಡವುವುದನ್ನು ನೋಡಿದ್ದೇನೆ.

ಹಂತ 1: ಸಭೆ. ಪಂಚಾಯಿತಿ ಮಟ್ಟದ ಗ್ರಾಮಸಭೆ ಅಲ್ಲ, ಹಾಡಿಯದೇ ಸಭೆ. ಮುಂದೆ ಗ್ರಾಮಸಭೆ ಎಂದರೆ ಇದೇ. ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅಲ್ಲೇ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸಿ. ಅರಣ್ಯ ಇಲಾಖೆಯ ಜೊತೆ ಮೊದಲೇ ಇದ್ದ ಗ್ರಾಮ ಅರಣ್ಯ ಸಮಿತಿಯನ್ನೇ ಇದಕ್ಕೂ ಹೆಸರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಅದು ಬೇರೆ, ಇದು ಬೇರೆ.

ಹಂತ 2: ನೋಟಿಸ್. ಅರಣ್ಯ ಮತ್ತು ಕಂದಾಯ ಇಲಾಖೆಗೆ ಗಡಿ ನಡಿಗೆಯ ದಿನ ತಿಳಿಸಿ ಪತ್ರ ಕೊಡಿ, ಸೀಲು ಹಾಕಿಸಿಕೊಳ್ಳಿ. ಅವರು ಬರದೆ ಆಮೇಲೆ ಅದನ್ನೇ ತಕರಾರು ಮಾಡಿದರೆ ಇನ್ನೊಮ್ಮೆ ಪರಿಶೀಲನೆ ಆಗುತ್ತದೆ. ಆಗಲೂ ಬರದಿದ್ದರೆ ಗ್ರಾಮಸಭೆಯ ತೀರ್ಮಾನವೇ ಅಂತಿಮ.

ಹಂತ 3: ಗಡಿ ನಡಿಗೆ. ದಯವಿಟ್ಟು ಇದಕ್ಕೆ ಅವಸರ ಮಾಡಬೇಡಿ. ಸೈಬರ್ ಸೆಂಟರಿನಲ್ಲಿ ಕೂತು ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಸುವುದು ಈಗ ಜಾಸ್ತಿಯಾಗಿದೆ. ಉಪಗ್ರಹ ಚಿತ್ರ ಪೂರಕ ಮಾತ್ರ ಎಂದು ನಿಯಮದಲ್ಲೇ ಇದೆ. ಹಿರಿಯರು ಮುಂದೆ ನಡೆಯಲಿ, ಜಿಪಿಎಸ್ ಹಿಡಿದ ಹುಡುಗ ಹಿಂದೆ ಬರಲಿ. ದಟ್ಟ ಮರಗಳ ಕೆಳಗೆ ಮೊಬೈಲ್ ಆ್ಯಪ್ ಬಿಂದುವನ್ನು ಎಲ್ಲೆಲ್ಲೋ ತೋರಿಸುತ್ತದೆ. ಕೈಯಲ್ಲಿ ಹಿಡಿಯುವ ಜಿಪಿಎಸ್ ಸಿಕ್ಕರೆ ಅದನ್ನೇ ಬಳಸಿ, ಒಂದೊಂದು ಕಡೆ ಎರಡು ನಿಮಿಷ ನಿಲ್ಲಿ. ಬರೆಯಲು ಪೆನ್ಸಿಲ್ಲೇ ಬೇಕು. ಜೆಲ್ ಪೆನ್ನಿನ ಅಕ್ಷರ ಒಂದು ಹನಿ ಬಿದ್ದರೂ ಹರಡುತ್ತದೆ.

'ಬಂಡೆ', 'ಹಳ್ಳ' ಎಂದು ಸುಮ್ನೆ ಬರೆದರೆ ಸಾಲದು. ಹಾಡಿಯವರು ಕರೆಯುವ ಹೆಸರು ಬರೆಯಿರಿ, ಅಲ್ಲಿ ಯಾವ ತಿಂಗಳು ಏನು ಮಾಡುತ್ತಾರೆ ಎಂದೂ ಬರೆಯಿರಿ. ಗೆಣಸು ಅಗೆಯುವ ಜಾಗ, ದನ ನೀರು ಕುಡಿಯುವ ಕಟ್ಟೆ, ದೇವರ ಮರ, ಸುಡುಗಾಡು ಎಲ್ಲವೂ ಸಾಕ್ಷ್ಯ. ಒಂದು ಹಾಡಿಯಲ್ಲಿ ಅಜ್ಜಿಯೊಬ್ಬರು ಲಂಟಾನ ಪೊದೆ ಸರಿಸಿ ಒರಳುಕಲ್ಲು ತೋರಿಸಿದರು. ಕುಳಿಯಲ್ಲಿ ಮಳೆನೀರು, ಅದರ ಮೇಲೆ ಎರಡು ನೆಲ್ಲಿ ಎಲೆ. "ನಮ್ಮವ್ವ ಇಲ್ಲೇ ರಾಗಿ ಕುಟ್ತಿದ್ಲು" ಅಂದರು. ಫೋಟೊ ತೆಗೆದು ಜಾಗ ಗುರುತು ಮಾಡಿಕೊಂಡೆವು. ಹಳೇ ವಸತಿಯ ಕುರುಹೂ ಕಾನೂನಿಗೆ ಸಾಕ್ಷ್ಯವೇ. ಆದರೆ ಒಂದನ್ನೇ ನಂಬಬೇಡಿ, ಎರಡಾದರೂ ಇರಲಿ.

ಪಕ್ಕದ ಹಾಡಿಯವರನ್ನು ಬಿಟ್ಟು ಹೋಗಲೇಬೇಡಿ. ನಾನು ಜೊತೆಗಿದ್ದ ಒಂದು ಕಡೆ ಹಾಗೇ ಮಾಡಿದೆವು. ಬೇಸಿಗೆಯಲ್ಲಿ ಇಬ್ಬರೂ ಬಳಸುವ ನೀರಿನ ಗುಂಡಿಯನ್ನು ನಮ್ಮ ಗೆರೆಯೊಳಗೆ ಹಾಕಿಕೊಂಡಿದ್ದೆವು. ಅವರು ತಕರಾರು ಹಾಕಿದರು, ಕಡತ ಹಿಂದೆ ಬಂತು, ಅಣ್ಣತಮ್ಮಂದಿರಂತಿದ್ದವರ ಮಾತು ನಿಂತಿತು. ಎರಡೂ ಸಮಿತಿಗಳು ಜಂಟಿಯಾಗಿ ಕೂತು ಬಳಕೆ ಇಬ್ಬರದೂ ಎಂದು ಬರೆದ ಮೇಲಷ್ಟೇ ಸರಿಹೋಯಿತು. ಆ ಸಭೆ ಮೊದಲೇ ಆಗಬೇಕಿತ್ತು, ಅಲ್ವಾ?

ಹಂತ 4: ನಮೂನೆ. ಕಂಪಾರ್ಟ್‌ಮೆಂಟ್ ನಂಬರ್ (ಕಾಡಿನ ಒಂದೊಂದು ಭಾಗಕ್ಕೆ ಅರಣ್ಯ ಇಲಾಖೆ ಕೊಟ್ಟ ಸಂಖ್ಯೆ) ಗೊತ್ತಿದ್ದರೆ ಬರೆಯಿರಿ, ಇಲ್ಲದಿದ್ದರೂ ಅರ್ಜಿ ನಿಲ್ಲುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ, ಮೊದಲೇ ಅರ್ಧ ತುಂಬಿದ ಪ್ರತಿ ಕೊಳ್ಳಬೇಡಿ. ಒಂದರಲ್ಲಿ ಬೇರೆ ಊರಿನ ಚಕ್ಕುಬಂದಿ ಹಾಗೇ ಉಳಿದಿತ್ತು.

ಹಂತ 5: ಸಲ್ಲಿಕೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಉಪವಿಭಾಗ ಮಟ್ಟದ ಸರ್ಕಾರಿ ಸಮಿತಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಕೇಳಿ. ತಿಳಿಸಿದ ದಿನದಿಂದ 60 ದಿನದೊಳಗೆ ಮೇಲಿನ ಸಮಿತಿಗೆ ಅರ್ಜಿ ಹಾಕಬಹುದು.

ನಕ್ಷೆಯ ಎರಡು ಮೂಲಪ್ರತಿ ಮಾಡಿ, ಒಂದು ಹಾಡಿಯಲ್ಲೇ ಇರಲಿ. ಹಕ್ಕು ಬಂದ ಮೇಲೆ ಯಾವ ಬೆಟ್ಟದ ಲಂಟಾನ ಮೊದಲು ಕೀಳಬೇಕು, ಬೆಂಕಿ ಹರಡದಂತೆ ಫೈರ್ ಲೈನ್ ಎಲ್ಲಿ ಬಿಡಬೇಕು ಎಂದು ಜನ ಕೂತಾಗ ಚಾಪೆ ಮೇಲೆ ಹರಡಿಕೊಳ್ಳಬೇಕಾದ್ದು ಅದನ್ನೇ.