ಲಾಮು ಹಳೇಪೇಟೆಗೆ ಹೋಗುವವರಿಗೆ ಒಂದಿಷ್ಟು ಸಲಹೆ

ಕೀನ್ಯಾ ಅಂದರೆ ಸಫಾರಿ ಮಾತ್ರ ಅಂದುಕೊಳ್ಳಬೇಡಿ. ಸಮಯ ಇದ್ದರೆ ಲಾಮು ದ್ವೀಪಕ್ಕೂ ಹೋಗಿ. ನೈರೋಬಿಯಿಂದ ವಿಮಾನದಲ್ಲಿ ಹೋಗುವುದೇ ಒಳ್ಳೆಯದು. ಆ ಕಡೆಯ ರಸ್ತೆಯಲ್ಲಿ ಹಿಂದೆ ದಾಳಿಗಳಾಗಿವೆ, ಹೊರಡುವ ಮುಂಚೆ ಸರ್ಕಾರದ ಪ್ರಯಾಣ ಸೂಚನೆ ನೋಡಿಕೊಳ್ಳಿ. ವಿಮಾನ ಇಳಿಯುವುದು ಪಕ್ಕದ ಮಾಂಡಾ ದ್ವೀಪದಲ್ಲಿ, ಅಲ್ಲಿಂದ ದೋಣಿ. ದರ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಹಳೇಪೇಟೆಯ ಗಲ್ಲಿಗಳು ತುಂಬಾ ಕಿರಿದು. ಕಾರು ಬರುವುದಿಲ್ಲ, ಸಾಮಾನು ಹೊರುವುದು ಕತ್ತೆಗಳೇ. ಹಿಂದಿನಿಂದ ಕತ್ತೆ ಬಂದರೆ ಗೋಡೆಗೆ ಒತ್ತಿ ನಿಂತು ದಾರಿ ಬಿಡಿ. ಚಕ್ರದ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಬ್ಯಾಗ್ ಸಾಕು. ದಾರಿ ತಪ್ಪಿದರೆ ಗಾಬರಿ ಬೇಡ. ಇಳಿಜಾರಿನ ಕಡೆ ನಡೆಯಿರಿ, ಸಮುದ್ರದಂಡೆ ಸಿಗುತ್ತದೆ.

ನನ್ನ ಪ್ರಕಾರ ನಿಧಾನವಾಗಿ ನೋಡಬೇಕಾದ್ದು ಮನೆಗಳನ್ನೇ. ಹವಳದ ಕಲ್ಲು, ಮ್ಯಾಂಗ್ರೋವ್ ಮರದ ತೊಲೆ, ಕೆತ್ತನೆಯ ದೊಡ್ಡ ಬಾಗಿಲು. ಬಾಗಿಲ ಪಕ್ಕದ ಕಲ್ಲಿನ ಜಗಲಿ ನೋಡಿದರೆ ನಮ್ಮೂರಿನ ಹಳೇ ಮನೆಗಳು ನೆನಪಾಗುತ್ತವೆ, ಅಲ್ವಾ! ಮಾನ್ಸೂನ್ ಗಾಳಿ ನಂಬಿ ಅರಬ್ಬೀ ಸಮುದ್ರ ದಾಟುತ್ತಿದ್ದ ಹಾಯಿ ಹಡಗುಗಳ ವ್ಯಾಪಾರದಿಂದ ಬೆಳೆದ ಊರಿದು. 2001ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಊರೊಳಗಿನ ಕೋಟೆ 1821ರ ಹೊತ್ತಿಗೆ ಕಟ್ಟಿ ಮುಗಿದದ್ದು, ಆಮೇಲೆ ಜೈಲೂ ಆಗಿತ್ತು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಸೆಕೆ ಜಾಸ್ತಿ.

ಹೆಚ್ಚಿನವರು ಮುಸ್ಲಿಮರು. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ. ಕೇಳದೆ ಹೆಂಗಸರ ಫೋಟೋ ತೆಗೆಯಲೇಬೇಡಿ. ಸಸ್ಯಾಹಾರಿಗಳು ಚಪಾತಿ ಜೊತೆ ತೆಂಗಿನಹಾಲಿನಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಪಲ್ಯ, ‘ಮಹರಾಗ್ವೆ’, ಕೇಳಿ. ಕೀನ್ಯಾದ ಹಣ ಶಿಲ್ಲಿಂಗ್, ಚಿಲ್ಲರೆ ಕೈಯಲ್ಲಿರಲಿ.