ಭತ್ತದ ಸುಂಕು ಕಟ್ಟಿದ ರೇಡಿಯೇಟರ್

ಕೊಪ್ಪಳ ಜಿಲ್ಲೆಯ ಕಾರಟಗಿ ಸುತ್ತಮುತ್ತ ಎರಡನೇ ಬೆಳೆಯ ಭತ್ತ ಕೊಯ್ಲಿಗೆ ಬರುವುದು ಏಪ್ರಿಲ್ ಹೊತ್ತಿಗೆ. ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಗದ್ದೆಯಿಂದ ಮಿಲ್ಲಿಗೆ ಭತ್ತ ಹೊಡೆಯುವ ನನ್ನ ಡೀಸೆಲ್ ಪಿಕಪ್ ಎರಡು ವರ್ಷದ ಹಿಂದೆ ಅದೇ ಸುಗ್ಗಿಯಲ್ಲಿ ಹೀಟ್ ಆಗತೊಡಗಿತು. ಖಾಲಿ ಗಾಡಿಯಾದರೆ ಏನೂ ಇಲ್ಲ. ಲೋಡ್ ಹಾಕಿ ನಾಲ್ಕೈದು ಕಿಲೋಮೀಟರ್ ಓಡಿಸಿದರೆ ಮೀಟರಿನ ಮುಳ್ಳು ಕೆಂಪು ಗೆರೆಗೆ ಬರುತ್ತಿತ್ತು.

ಮೊದಲ ಸಲ ಹೊಗೆಯಾಡಿದಾಗ ಗಾಬರಿಯಲ್ಲಿ, ಎಂಜಿನ್ ನೀರನ್ನು ತಣ್ಣಗಾಗಿಸುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದೆ. ಹಿಂದೆ ಬಂದ ಲಾರಿಯ ಹಿರಿಯ ಡ್ರೈವರ್ ಕೂಗಿದರು: "ತಮ್ಮಾ, ಮುಟ್ಟಬ್ಯಾಡ! ಆರಲಿ ಬಿಡು." ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಾದ ಕೂಡಲೇ ಉಕ್ಕಿ ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದೂ ಬೇಡ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಸೀಳಬಹುದು.

ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗೆ ಕೂರುವ ತೆಳು ಪದರ) ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಗ್ಯಾಸ್ಕೆಟ್ ಹೋದರೆ ರೇಡಿಯೇಟರ್ ನೀರಿನಲ್ಲಿ ಬಿಡದೆ ಗುಳ್ಳೆ ಏಳುವುದು, ಆಯಿಲ್ ಹಾಲು ಹಾಕಿದ ಚಹಾದಂತಾಗುವುದು, ಬಿಳಿ ಹೊಗೆ ಬರುವುದು, ಇದರಲ್ಲಿ ಏನಾದರೂ ಕಾಣಬೇಕಲ್ವಾ? ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿದೆ. ಒಂದೂ ಇರಲಿಲ್ಲ. ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ಎಂಜಿನ್ ಕಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿದೆ. ಅದರ ಮೇಲೆ 82 ಅಂತ ಕೆತ್ತಿತ್ತು, ಅಂದರೆ ಅದು ತೆರೆಯಲು ಶುರುವಾಗುವ ಡಿಗ್ರಿ; ನೀರು ಕುದಿಯುವ ಮೊದಲೇ ಬಾಯಿ ತೆರೆಯಿತು. ವಾಪಸ್ ಕೂರಿಸಿದೆ. ಅದನ್ನು ಕಿತ್ತು ಹಾಕಿ ಓಡಿಸುವವರಿದ್ದಾರೆ. ಅದು ತಪ್ಪು. ಎಂಜಿನ್ ಸರಿಯಾಗಿ ಕಾಯದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಕೊನೆಗೆ ರೇಡಿಯೇಟರ್ ಮುಂದಿನ ಎಸಿ ಜಾಲಿಯ ಬೋಲ್ಟ್ ಸಡಿಲಿಸಿ ಮುಂದಕ್ಕೆ ಬಾಗಿಸಿ, ಎರಡರ ನಡುವೆ ಟಾರ್ಚ್ ಬಿಟ್ಟೆ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛ. ಒಳಗೆ ಭತ್ತದ ಸುಂಕು (ತೆನೆಯ ಸಣ್ಣ ಮುಳ್ಳು), ಧೂಳು, ಆಯಿಲ್ ಪಸೆ ಸೇರಿ ಕಂಬಳಿಯ ಹಾಗೆ ಕೂತಿತ್ತು. ಬೆರಳಲ್ಲಿ ಎಳೆದರೆ ಅಂಗೈ ಅಗಲದ ತುಂಡೇ ಕಿತ್ತು ಬಂತು. ಗಾಳಿ ಹೋಗಲು ದಾರಿಯೇ ಇರಲಿಲ್ಲ. ಖಾಲಿ ಗಾಡಿಗೆ ಉಳಿದ ಗಾಳಿ ಸಾಕಾಗುತ್ತಿತ್ತು, ಲೋಡಿಗೆ ಸಾಲುತ್ತಿರಲಿಲ್ಲ.

ಫ್ಯಾನ್ ಕಡೆಯಿಂದ ಮುಂದಕ್ಕೆ, ಸಣ್ಣ ಪೈಪಿನ ನೀರಲ್ಲಿ ನಿಧಾನವಾಗಿ ತೊಳೆದೆ. ಸರ್ವೀಸ್ ಸ್ಟೇಷನ್ನಿನ ಜೋರು ನೀರು ಬಿಟ್ಟರೆ ಜಾಲಿಯ ತೆಳು ತಗಡು ಮಡಚಿಕೊಳ್ಳುತ್ತದೆ.

ರೇಡಿಯೇಟರ್ ಒಳಗೂ ಕೊಳೆ ಕಟ್ಟಿತ್ತು, ಆ ತಪ್ಪು ನನ್ನದೇ. ವರ್ಷಗಟ್ಟಲೆ ಬೋರಿನ ಸವಳು ನೀರು ತುಂಬಿದ್ದೆ. ಮನೆಯ ಹಂಡೆಗೆ ಕಟ್ಟುವ ಬಿಳಿ ಉಪ್ಪಿನ ಪದರವೇ ಅಲ್ಲಿಯೂ ಕೂತಿತ್ತು. ಒಳಗೆ ತೊಳೆಸಿ, ಅರ್ಧ ಕೂಲಂಟ್ (ಎಂಜಿನ್ ತಣಿಸುವ ದ್ರವ), ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿದೆ. ಈಗ ಗಾಡಿಯಲ್ಲಿ ಅದೇ ಮಿಶ್ರಣದ ಕ್ಯಾನ್ ಇಟ್ಟಿರುತ್ತೇನೆ.

ಸಂಡೂರಿನಲ್ಲಿ ಅದಿರು ಹೊಡೆಯುವ ಗೆಳೆಯನಿಗೂ ಹೇಳಿದೆ. ಅವನ ಲಾರಿಯ ಜಾಲಿಯಿಂದ ಕೆಂಪು ಮಣ್ಣು ಉದುರಿತಂತೆ. ಸುಗ್ಗಿಯಲ್ಲಿ ನಾನು ವಾರಕ್ಕೊಮ್ಮೆ ಜಾಲಿ ತೊಳೆಯುತ್ತೇನೆ. ಈ ಏಪ್ರಿಲ್‌ನಲ್ಲಿ ಪೂರ್ತಿ ಲೋಡ್ ಇದ್ದಾಗಲೂ ಮುಳ್ಳು ಅರ್ಧ ದಾಟಲಿಲ್ಲ.