ಒಂದು ಕಾರು ಕಳಚಿ ಇನ್ನೊಂದು ಕಟ್ಟಿದೆ

ಕೈಯಾರೆ ಒಂದು ಕಾರು ಕಟ್ಟಲು ನಾನು ಮೊದಲು ಕೊಂಡದ್ದು ಕಿಟ್ (ಜೋಡಿಸಿಕೊಳ್ಳಲು ಸಿಗುವ ಬಿಡಿಭಾಗಗಳ ಕಟ್ಟು) ಅಲ್ಲ, ಮೈಯೆಲ್ಲ ತುಕ್ಕು ಹಿಡಿದ ಒಂದು ಹಳೆಯ ಮಾಜ್ದಾ ಎಂಎಕ್ಸ್-5. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ ಕೊಂಡರೆ ಅವನ್ನು ಹೊಂದಿಸುವುದರಲ್ಲೇ ಹಣ ಕರಗುತ್ತದೆ. ಇಡೀ ಕಾರು ಕೊಂಡರೆ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗೇರು), ಸ್ಟೀರಿಂಗ್, ವೈರಿಂಗ್, ಸಣ್ಣ ಕ್ಲಿಪ್ಪುಗಳೂ ಸೇರಿ ಎಲ್ಲವೂ ಒಂದೇ ಮನೆಯವು. ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ: ನನಗೆ ಬೇಕಿದ್ದದ್ದೂ ಅದೇ. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್‌ನ ಧಾಟಿಯಲ್ಲಿ, ಎರಡೇ ಸೀಟಿನ ಹಗುರ ಕಾರು ಕಟ್ಟುವುದು ನನ್ನ ಬಹುದಿನದ ಆಸೆ.

ಕಳಚುವ ಮೊದಲು ಎಂಜಿನ್ ಓಡಿಸಿ, ಅದು ಇನ್ನೂ ಗಟ್ಟಿಯಾಗಿದೆಯೇ ಎಂದು ತಿಳಿಯಲು ಪ್ರತಿ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ಅಳೆದೆ. ಬಿಚ್ಚಿದ ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಕಟ್ಟಿದೆ. ಬೇಡವಾದ ಬಾಗಿಲು, ಗಾಜು, ಸೀಟುಗಳನ್ನು ಮಾರಿದ್ದರಿಂದ ಕಾರಿಗೆ ಕೊಟ್ಟ ಹಣದ ದೊಡ್ಡ ಪಾಲು ಮರಳಿ ಬಂತು.

ಮೂತಿ, ಮಡ್‌ಗಾರ್ಡ್‌ಗಳಂತಹ ಫೈಬರ್‌ಗ್ಲಾಸ್ ಭಾಗಗಳನ್ನೂ ಸಸ್ಪೆನ್ಷನ್ ತೋಳುಗಳನ್ನೂ ಕಿಟ್ ಮಾಡುವವರಿಂದ ತರಿಸಿಕೊಂಡೆ. ಚಾಸಿ, ಅಂದರೆ ಇಡೀ ಕಾರನ್ನು ಹೊರುವ ಚೌಕಟ್ಟು, ಮಾತ್ರ ನನ್ನ ಕೈಯದೇ. 25 ಮಿ.ಮೀ. ಚೌಕ ಉಕ್ಕಿನ ಕೊಳವೆ, ಗೋಡೆಯ ದಪ್ಪ 1.6 ಮಿ.ಮೀ.

ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಅಡಿಯ ಚೌಕಟ್ಟನ್ನು ಚುಕ್ಕೆ ಬೆಸುಗೆಯಲ್ಲಿ (ತಾತ್ಕಾಲಿಕವಾಗಿ ಹಿಡಿದಿಡುವ ಸಣ್ಣ ಬೆಸುಗೆ) ನಿಲ್ಲಿಸಿದ ಮೇಲೆ ಒಂದು ಬದಿಯನ್ನು ಒಂದೇ ಸಂಜೆಯಲ್ಲಿ ಪೂರ್ತಿ ಬೆಸೆದುಬಿಟ್ಟೆ. ಬಿಸಿಯಾದ ಲೋಹ ಆರುವಾಗ ಬೆಸುಗೆಯ ಕಡೆಗೆ ಎಳೆದುಕೊಳ್ಳುತ್ತದೆ. ಮರುದಿನ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ, ಸಮ ಇರಬೇಕಾದ ಎರಡು ಕರ್ಣಗಳನ್ನು ಅಳೆದರೆ ಒಂದಕ್ಕಿಂತ ಒಂದು 6 ಮಿ.ಮೀ. ಉದ್ದ. ಹಾಗೇ ಬಿಟ್ಟರೆ ಚಕ್ರಗಳು ನೇರ ಕೂರುವುದಿಲ್ಲ. ನಾಲ್ಕು ಕೂಡುಗಳನ್ನು ಗ್ರೈಂಡರಿನಿಂದ ಕತ್ತರಿಸಿ ಮತ್ತೆ ಕೂಡಿಸಿದೆ. ಆಮೇಲೆ ಇಡೀ ಚಾಸಿಯನ್ನು ಚುಕ್ಕೆ ಬೆಸುಗೆಯಲ್ಲೇ ಮುಗಿಸಿ, ನಂತರ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬೆಸೆಯುತ್ತ, ನಡುನಡುವೆ ಅಳೆಯುತ್ತ ಹೋದೆ. ತಿಂಗಳುಗಟ್ಟಲೆ ಹಿಡಿಯಿತು. ಆ ತಿಂಗಳುಗಳ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಮಾಡುವಾಗ ನಡುವೆ ಸೀಲಂಟ್ ಹಚ್ಚಿದೆ. ಉಕ್ಕಿಗೆ ನೇರವಾಗಿ ತಾಗಿ ತೇವವೂ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಉಳಿತಾಯದ ಮಾತು ಬ್ರೇಕಿನ ಬಳಿ ನಿಲ್ಲಬೇಕು. ಪೈಪು, ಸೀಲು, ಹೋಸು ಎಲ್ಲವನ್ನೂ ಹೊಸದು ಹಾಕಿದೆ. ಬ್ರೇಕಿಗೆ ಹಾಕುವ ಡಾಟ್ 4 ದ್ರವ ಗಾಳಿಯ ತೇವ ಹೀರಿ ಕುದಿಯುವ ಮಟ್ಟ ತಗ್ಗಿಸಿಕೊಳ್ಳುತ್ತದೆ, ಆದ್ದರಿಂದ ತೆರೆದಿಟ್ಟ ಡಬ್ಬಿಯನ್ನು ಬಳಸಲಿಲ್ಲ. ಸಡಿಲವಾಗದಂತೆ ಹಿಡಿಯುವ ನೈಲಾನ್ ಬಳೆಯ ನಟ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕಲಿಲ್ಲ. ಹಳೆಯ ಟೈರುಗಳ ಗೆರೆ ಚೆನ್ನಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ಅದನ್ನು ಓದಿ ಟೈರುಗಳು ಎಷ್ಟು ಹಳೆಯವೆಂದು ತಿಳಿದ ಕೂಡಲೇ ತೆಗೆದುಹಾಕಿದೆ.

ನೋಂದಣಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಮೊದಲ ಕೊಳವೆ ಕತ್ತರಿಸುವ ಮುನ್ನವೇ ತಪಾಸಣೆಯ ನಿಯಮಗಳನ್ನು ಓದಿದ್ದರಿಂದ ಸೀಟ್ ಬೆಲ್ಟಿನ ಆಧಾರ, ದೀಪಗಳ ಎತ್ತರ ಆಗಲೇ ಸರಿಯಾದ ಜಾಗದಲ್ಲಿ ಕೂತವು. ರಸೀದಿಗಳನ್ನೂ ಕೆಲಸದ ಫೋಟೋಗಳನ್ನೂ ಜೋಪಾನ ಮಾಡಿದ್ದು ತಪಾಸಣೆಯ ದಿನ ಕೈಹಿಡಿಯಿತು.

ನಟ್ಟು ಸಡಿಲವಾದರೆ ಕಣ್ಣಿಗೆ ಬೀಳಲಿ ಎಂದು, ಬಿಗಿ ಮಾಡಿದ ಪ್ರತಿ ಬೋಲ್ಟು, ನಟ್ಟಿನ ಮೇಲೂ ಹಾದು ಹಳದಿ ಬಣ್ಣದ ಗೆರೆ ಎಳೆದಿದ್ದೆ. ಮೊದಲ 50 ಕಿ.ಮೀ. ಓಡಿಸಿ ಬಂದು ಟಾರ್ಚ್ ಹಿಡಿದು ಅಡಿಯಲ್ಲಿ ಮಲಗಿ ನೋಡಿದರೆ ಎರಡು ಗೆರೆಗಳು ಜರುಗಿದ್ದವು. ಎರಡೂ ಹಿಂದಿನ ಸಸ್ಪೆನ್ಷನ್ನಿನವು. ಆ ನಟ್ಟುಗಳನ್ನು ಬದಲಿಸಿ, ಟಾರ್ಕ್ ವ್ರೆಂಚಿನಿಂದ (ಬಿಗಿಯ ಬಲ ಅಳೆಯುವ ಸ್ಪ್ಯಾನರ್) ಬಿಗಿದು, ಹೊಸ ಗೆರೆ ಎಳೆದು ಮತ್ತೆ ಓಡಿಸಲು ಹೊರಟೆ.